ಹೆಸರು ಬರೆಯುವವರೆಲ್ಲ ನಾಯಕರಲ್ಲ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನಾಯಕತ್ವ ತರಬೇತಿ ನಡೆಯುತ್ತದೆ. ಹೊರಗಿನಿಂದ ಸಂಪನ್ಮೂಲ ವ್ಯಕ್ತಿ ಬರುತ್ತಾರೆ. ಪರದೆಯ ಮೇಲೆ ಒಂದು ಹದ್ದು, ಒಂದು ಸಿಂಹ, ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಒಬ್ಬ ಮನುಷ್ಯ, ಈ ಮೂರು ಚಿತ್ರಗಳು ಯಾವತ್ತೂ ತಪ್ಪುವುದಿಲ್ಲ. ಸೈನ್ಯದಿಂದ ಒಂದು ಹೆಸರು, ಉದ್ಯಮದಿಂದ ಒಂದು ಹೆಸರು, ಕ್ರಿಕೆಟ್‌ನಿಂದ ಒಂದು ಹೆಸರು ಹೇಳಿ, ನೀವೂ ಹೀಗೇ ಆಗಬೇಕು ಎಂದು ಮುಗಿಸುತ್ತಾರೆ. ನಾವು ಚಪ್ಪಾಳೆ ತಟ್ಟಿ, ಪ್ರಮಾಣಪತ್ರ ತೆಗೆದುಕೊಂಡು, ಸಮೋಸ ತಿಂದು ಮನೆಗೆ ಹೋಗುತ್ತೇವೆ.

ಆ ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ. ಅವರ ಬದುಕಿನ ಯಾವ ಭಾಗವನ್ನು ನಮಗೆ ಹೇಳುತ್ತಾರೆ ಎಂಬುದರ ಬಗ್ಗೆ ಇದೆ. ಕಪ್ ಎತ್ತಿದ್ದು, ಪದಕ ಧರಿಸಿದ್ದು, ಕೋಟಿಗಳ ಲೆಕ್ಕ, ಇಷ್ಟೇ ನಮಗೆ ಸಿಗುವುದು. ಅದಕ್ಕಿಂತ ಮುಂಚೆ ಅವರು ತಮ್ಮ ಕೈಕೆಳಗಿನವರ ಜೊತೆ ಹೇಗೆ ನಡೆದುಕೊಂಡರು, ಯಾರ ಮಾತಿಗೆ ಕಿವಿಗೊಟ್ಟರು, ಏನನ್ನು ಬಿಟ್ಟುಕೊಟ್ಟರು ಎಂಬುದು ಸಿಗುವುದಿಲ್ಲ. ಹಾಗಾಗಿ ನಾಯಕತ್ವವೆಂದರೆ ವೇದಿಕೆ, ಮೈಕು ಮತ್ತು ಕೋಟು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿಬಿಟ್ಟಿದ್ದಾರೆ.

ತರಗತಿಯಲ್ಲಿ ನಾಯಕತ್ವದ ಅರ್ಥ ಇನ್ನೂ ಚಿಕ್ಕದು. ಒಂದನೇ ತರಗತಿಯಿಂದ ಇಲ್ಲಿಯವರೆಗೆ ನಾನು ನೋಡಿದ ಲೀಡರ್‌ಗಳ ಮುಖ್ಯ ಕೆಲಸ ಒಂದೇ. ಟೀಚರ್ ಹೊರಗೆ ಹೋದ ಕೂಡಲೇ ಸೀಮೆಸುಣ್ಣ ಹಿಡಿದು, ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು. ಸ್ನೇಹಿತರ ಹೆಸರು ಬಿಡುವುದು, ಆಗದವರ ಹೆಸರಿನ ಮುಂದೆ ಎರಡು ಗುಣಾಕಾರ ಚಿಹ್ನೆ ಹಾಕುವುದು. ಪಿಯುಸಿಗೆ ಬಂದ ಮೇಲೆ ಆ ಹುದ್ದೆಗೆ ತರಗತಿ ಪ್ರತಿನಿಧಿ ಎಂಬ ಗಂಭೀರ ಹೆಸರು ಬಂದಿದೆ. ಆಯ್ಕೆಯ ವಿಧಾನ ಮಾತ್ರ ಅದೇ: ಎಸ್ಸೆಸ್ಸೆಲ್ಸಿಯಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರು. ಹುಡುಗರಲ್ಲಿ ಒಬ್ಬ ಪ್ರತಿನಿಧಿ, ಹುಡುಗಿಯರಲ್ಲಿ ಒಬ್ಬಳು ಉಪಪ್ರತಿನಿಧಿ. ಆ ಉಪ ಎಂಬುದು ಯಾಕೆ ಯಾವಾಗಲೂ ನಮ್ಮ ಕಡೆಯೇ ಬೀಳುತ್ತದೆ ಎಂದು ಕೇಳಿದರೆ, ಮೊದಲಿನಿಂದ ಹಾಗೇ ಇದೆಯಲ್ಲ ಎಂಬ ಉತ್ತರ ಬರುತ್ತದೆ.

ಹೊಸ ವಿದ್ಯಾರ್ಥಿ ಪರಿಷತ್ತಿನ ರಚನೆಗೆ ಇನ್ನು ಕೆಲವೇ ವಾರಗಳಿವೆ. ಅದಕ್ಕಾಗಿಯೇ ಇದನ್ನು ಈಗ ಬರೆಯುತ್ತಿದ್ದೇನೆ. ಅದೇ ತರಬೇತುದಾರರು ಹೇಳುವ ಮೂರು ಕ್ಷೇತ್ರಗಳಿಂದಲೇ ನನ್ನ ಉದಾಹರಣೆಗಳನ್ನು ತೆಗೆದುಕೊಳ್ಳುತ್ತೇನೆ. ಭಾಗ ಮಾತ್ರ ಬೇರೆ.

ಮೊದಲು ಸೈನ್ಯ. ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ನನ್ನ ತರಗತಿಯಲ್ಲಿ ಕೇಳಿದೆ, ಇಬ್ಬರು ಕೈಯೆತ್ತಿದರು. 1912ರಲ್ಲಿ ಆಗಿನ ಆಜಂಗಢ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, ಬಲೂಚ್ ರೆಜಿಮೆಂಟಿನ ಅಧಿಕಾರಿಯಾದವರು. ದೇಶ ಇಬ್ಭಾಗವಾದಾಗ ಆ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಉಸ್ಮಾನ್ ಮಾತ್ರ ಭಾರತದಲ್ಲೇ ಉಳಿದರು. ಆ ದಿನಗಳಲ್ಲಿ ಈ ತೀರ್ಮಾನ ಎಷ್ಟು ಭಾರವಾಗಿದ್ದಿರಬಹುದು ಎಂಬುದನ್ನು ನಮ್ಮ ವಯಸ್ಸಿನವರು ಊಹಿಸುವುದೂ ಕಷ್ಟ.

1947ರ ಡಿಸೆಂಬರ್‌ನಲ್ಲಿ ಜಮ್ಮುವಿನ ಝಂಗರ್ ಎಂಬ ಆಯಕಟ್ಟಿನ ಜಾಗ ನಮ್ಮ ಸೇನೆಯ ಕೈತಪ್ಪಿತು. ಅದು ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಉಸ್ಮಾನ್ ತೀರ್ಮಾನಿಸಿದರು. ಚಳಿಗಾಲ, ಗುಡ್ಡಗಾಡು. ಬ್ರಿಗೇಡಿನ ಕಮಾಂಡರ್ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. 1948ರ ಫೆಬ್ರುವರಿಯಲ್ಲಿ ನೌಶೇರಾದ ಮೇಲೆ ಬಂದ ದೊಡ್ಡ ದಾಳಿಯನ್ನು ಅವರ ಪಡೆ ಹಿಮ್ಮೆಟ್ಟಿಸಿತು. ಮಾರ್ಚ್‌ನಲ್ಲಿ ಝಂಗರ್ ಮರಳಿ ವಶವಾಯಿತು. ಆಗ ಅವರಿಗೊಂದು ಮಂಚ ತರಿಸಬೇಕಾಯಿತು. ಶಿಬಿರದಲ್ಲಿ ಇರಲಿಲ್ಲವಾದ್ದರಿಂದ ಹತ್ತಿರದ ಹಳ್ಳಿಯಿಂದ ಎರವಲು ತಂದರಂತೆ. ಅದಾಗಿ ನಾಲ್ಕು ತಿಂಗಳೂ ಕಳೆದಿರಲಿಲ್ಲ. ಜುಲೈ 3ರಂದು ಅದೇ ಝಂಗರ್‌ನಲ್ಲಿ ಫಿರಂಗಿ ಗುಂಡಿಗೆ ಬಲಿಯಾದರು. 36 ತುಂಬಲು ಹನ್ನೆರಡು ದಿನ ಬಾಕಿಯಿತ್ತು. ಮಹಾವೀರ ಚಕ್ರ ಮರಣೋತ್ತರವಾಗಿ ಬಂತು. ದೆಹಲಿಯ ಜಾಮಿಯಾ ಮಿಲ್ಲಿಯಾದ ಬಳಿ ಅವರ ಕಬರ್ ಇದೆ.

ಅವರ ತಲೆಗೆ 50,000 ರೂಪಾಯಿ ಬಹುಮಾನ ಘೋಷಣೆಯಾಗಿತ್ತು ಎಂಬ ವಿಷಯವನ್ನು ಭಾಷಣಕಾರರು ಗಟ್ಟಿಯಾಗಿ ಹೇಳುತ್ತಾರೆ. ನನಗೆ ಆ ಚಾಪೆಯೇ ದೊಡ್ಡದಾಗಿ ಕಾಣುತ್ತದೆ. ಝಂಗರ್ ಕೈತಪ್ಪಿದ್ದಕ್ಕೆ ಯಾರ ಹೆಸರನ್ನೂ ಬೋರ್ಡಿನ ಮೇಲೆ ಬರೆಯದೆ, ಆ ಸೋಲನ್ನು ಅವರು ತನ್ನ ಬೆನ್ನಿಗೇ ತಂದುಕೊಂಡರು. ಕಂದಕದಲ್ಲಿ ಮಲಗುವ ಸಿಪಾಯಿಗೆ ತನ್ನ ಬ್ರಿಗೇಡಿಯರ್ ಕೂಡ ನೆಲದ ಮೇಲೇ ಇದ್ದಾರೆ ಎಂದು ಗೊತ್ತಿದ್ದರೆ ಬೇರೆ ಭಾಷಣ ಬೇಕಾಗುವುದಿಲ್ಲ.

ಅದೇ ಯುದ್ಧದ ಇನ್ನೊಂದು ಕೊನೆಯಲ್ಲಿ ನಮ್ಮ ಕೊಡಗಿನವರೊಬ್ಬರಿದ್ದರು, ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಆಗ ಮೇಜರ್ ಜನರಲ್. ಲಡಾಖ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಝೋಜಿ ಲಾ ಕಣಿವೆಯನ್ನು ಎದುರಾಳಿಗಳು ಹಿಡಿದುಕೊಂಡಿದ್ದರು. ಪದಾತಿ ದಳದ ಪ್ರಯತ್ನಗಳು ಫಲಿಸಲಿಲ್ಲ. ತಿಮ್ಮಯ್ಯನವರು ಟ್ಯಾಂಕುಗಳನ್ನೇ ಅಲ್ಲಿಗೆ ಹತ್ತಿಸಲು ಹೊರಟರು. ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಗುಟ್ಟಾಗಿ ಶ್ರೀನಗರಕ್ಕೆ ತಂದರು. ಕುದುರೆ ಹೋಗುವಷ್ಟು ಅಗಲದ ಜಾಡನ್ನು ಟ್ಯಾಂಕ್ ಹೋಗುವ ದಾರಿಯಾಗಿ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನ ಯೋಧರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಓಡಾಡಿದವರು ಅವರ ಕೇಂದ್ರವನ್ನು ನೋಡಿರುತ್ತೀರಿ. 1948ರ ನವೆಂಬರ್ 1ರಂದು ಹಿಮದ ನಡುವೆ ದಾಳಿ ಆರಂಭವಾದಾಗ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಡಿವಿಷನ್ನಿನ ಮುಖ್ಯಸ್ಥ ಅಷ್ಟು ಮುಂದೆ ಹೋಗಬೇಕಾದ ನಿಯಮವೇನೂ ಇಲ್ಲ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಓಡುತ್ತದೋ ಇಲ್ಲವೋ ಎಂಬ ಅನುಮಾನ ಎಲ್ಲರಲ್ಲೂ ಇದ್ದಾಗ, ಯೋಜನೆ ಮಾಡಿದವರೇ ಅದರೊಳಗೆ ಕೂತರೆ ಚಾಲಕನ ಅನುಮಾನ ಅರ್ಧ ಕಡಿಮೆಯಾಗುತ್ತದೆ. ಆ ದಾರಿ ಅಗೆದವರನ್ನು ಮಾತ್ರ ನಾವು ಮರೆಯಬಾರದು. ಟ್ಯಾಂಕಿನ ಚಿತ್ರ ಎಲ್ಲ ಕಡೆ ಇದೆ, ಗುದ್ದಲಿಯ ಚಿತ್ರ ಎಲ್ಲೂ ಇಲ್ಲ.

ಇಲ್ಲಿ ಒಂದು ಮಾತು. ಸೈನ್ಯದ ಉದಾಹರಣೆ ಕಾಲೇಜಿಗೆ ಬಂದ ಕೂಡಲೇ ಅದು ಶಿಸ್ತು ಎಂಬ ಒಂದೇ ಶಬ್ದಕ್ಕೆ ಇಳಿದುಬಿಡುತ್ತದೆ. ಸಾಲಾಗಿ ನಿಲ್ಲಿ, ಪ್ರಶ್ನೆ ಕೇಳಬೇಡಿ, ಹೇಳಿದಷ್ಟು ಮಾಡಿ. ಗುಂಡು ಹಾರುವಾಗ ಪ್ರಶ್ನೆ ಕೇಳಿದರೆ ಜೀವ ಹೋಗುತ್ತದೆ, ಅಲ್ಲಿ ಅದು ಸರಿ. ಅಕೌಂಟೆನ್ಸಿ ಪೀರಿಯಡ್ಡಿನಲ್ಲಿ ಪ್ರಶ್ನೆ ಕೇಳದಿದ್ದರೆ ಅಂಕ ಹೋಗುತ್ತದೆ. ಎರಡೂ ಒಂದೇ ಅಲ್ಲ.

ಇನ್ನು ಆಟ. ಹುಡುಗರು ಈ ಭಾಗವನ್ನಾದರೂ ಓದುತ್ತಾರೆ ಎಂದು ನಂಬಿದ್ದೇನೆ.

1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ವಿರುದ್ಧ ಭಾರತ 17 ರನ್‌ಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅಜೇಯ 175 ಹೊಡೆದರು. ಇದನ್ನು ನಮ್ಮ ಅಪ್ಪಂದಿರ ಕಾಲದವರಿಂದ ಕೇಳಿ ಕೇಳಿ ನಮಗೂ ಬಾಯಿಪಾಠವಾಗಿದೆ. ಆ ಪಂದ್ಯದ ದೂರದರ್ಶನ ದೃಶ್ಯವೇ ಇಲ್ಲದಿದ್ದರೂ ಎಲ್ಲರೂ ನೋಡಿದವರಂತೆ ಹೇಳುತ್ತಾರೆ, ಅದು ಬೇರೆ ಮಾತು. ಆದರೆ 140 ರನ್‌ಗೆ 8ನೇ ವಿಕೆಟ್ ಬಿದ್ದಾಗ ಕಪಿಲ್ ಜೊತೆ ನಿಂತವರು ಯಾರು? ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಹತ್ತನೆಯವರಾಗಿ ಬಂದ ಅವರು ಅಜೇಯ 24 ರನ್ ಮಾಡಿದರು. ಮುರಿಯದ ಒಂಬತ್ತನೇ ವಿಕೆಟ್‌ಗೆ ಇಬ್ಬರೂ ಸೇರಿಸಿದ್ದು 126. ಭಾರತ 60 ಓವರ್‌ಗಳಲ್ಲಿ 266 ತಲುಪಿ 31 ರನ್‌ಗಳಿಂದ ಗೆದ್ದಿತು. ಕಿರ್ಮಾನಿ ಔಟಾಗಿದ್ದರೆ 175 ಎಂಬ ಸಂಖ್ಯೆಯೇ ಹುಟ್ಟುತ್ತಿರಲಿಲ್ಲ.

ಆ 24 ರನ್ ನಾಯಕತ್ವ ಅಲ್ಲವೇ ಎಂಬುದು ನನ್ನ ಪ್ರಶ್ನೆ. ಎದುರು ತುದಿಯಲ್ಲಿರುವವರು ಚೆನ್ನಾಗಿ ಆಡುತ್ತಿದ್ದಾರೆ, ಈಗ ನನ್ನ ಕೆಲಸ ಔಟಾಗದೆ ನಿಂತು ಅವರಿಗೆ ಆಡಲು ಬಿಡುವುದು ಎಂದು ತಿಳಿಯುವುದಕ್ಕೂ ಒಂದು ತೂಕದ ಮನಸ್ಸು ಬೇಕು. ನಮ್ಮ ಗುಂಪು ಚಟುವಟಿಕೆಗಳಲ್ಲಿ ನೋಡಿ, ಐದು ಜನರಲ್ಲಿ ಐವರೂ ಕಪಿಲ್ ಆಗಲು ಹೊರಡುತ್ತಾರೆ. ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ರಾತ್ರಿ ಪುಟ ಜೋಡಿಸಲು ಒಬ್ಬ ಕಿರ್ಮಾನಿಯೂ ಇರುವುದಿಲ್ಲ. (ಅದೇ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್, ಒಟ್ಟು 18, ಪಡೆದವರೂ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಇದನ್ನೂ ಯಾರೂ ಹೇಳುವುದಿಲ್ಲ.)

ರಾಹುಲ್ ದ್ರಾವಿಡ್ ವಿಷಯದಲ್ಲಿ ಎರಡು ಘಟನೆಗಳನ್ನು ಜೋಡಿಸಿ ನೋಡಬೇಕು. ಮೊದಲನೆಯದು 2004ರ ಮಾರ್ಚ್, ಮುಲ್ತಾನ್. ಗಂಗೂಲಿ ಗಾಯಗೊಂಡಿದ್ದರಿಂದ ದ್ರಾವಿಡ್ ಹಂಗಾಮಿ ನಾಯಕ. ಸಚಿನ್ 194ರಲ್ಲಿ ಆಡುತ್ತಿದ್ದಾಗ ಎರಡನೇ ದಿನವೇ ದ್ರಾವಿಡ್ 5 ವಿಕೆಟ್‌ಗೆ 675ಕ್ಕೆ ಡಿಕ್ಲೇರ್ ಮಾಡಿಬಿಟ್ಟರು. ದ್ವಿಶತಕಕ್ಕೆ ಆರೇ ರನ್ ಬೇಕಿತ್ತು. ಭಾರತ ಇನ್ನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದಿತು; ಪಾಕಿಸ್ತಾನದ ನೆಲದಲ್ಲಿ ಅದು ಭಾರತದ ಮೊದಲ ಟೆಸ್ಟ್ ಗೆಲುವು. ಆದರೂ ಇಂದಿಗೂ ನಮ್ಮ ಮನೆಯಲ್ಲಿ ಈ ವಿಷಯ ಬಂದರೆ ಅಬ್ಬಾಜಾನ್ ಮತ್ತು ಚಾಚಾ ನಡುವೆ ಊಟ ಆರುವವರೆಗೆ ವಾದ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತೀರ್ಮಾನ ತೆಗೆದುಕೊಳ್ಳುವ ಹಕ್ಕು ದ್ರಾವಿಡ್‌ಗಿತ್ತು, ಆದರೆ ಇನ್ನೊಂದೆರಡು ಓವರ್ ಕೊಟ್ಟಿದ್ದರೆ ಆಟ ಕೈಬಿಡುತ್ತಿರಲಿಲ್ಲ; ಮೂರು ದಿನಕ್ಕೂ ಹೆಚ್ಚು ಕಾಲ ಉಳಿದಿತ್ತು. ಗೆದ್ದ ಮೇಲೆ ಎಲ್ಲ ತೀರ್ಮಾನವೂ ಸರಿ ಎಂದು ನಾನು ಒಪ್ಪುವುದಿಲ್ಲ. ದೊಡ್ಡ ನಾಯಕರು ಮಾಡಿದ್ದೆಲ್ಲ ಪಾಠ ಎಂದು ಕಲಿಸುವುದೇ ಈ ತರಬೇತಿಗಳ ದೋಷ.

ಎರಡನೆಯದು 2018. ದ್ರಾವಿಡ್ ತರಬೇತಿಯ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿ ಬಹುಮಾನ ಘೋಷಿಸಿತು. ದ್ರಾವಿಡ್‌ಗೆ 50 ಲಕ್ಷ, ಪ್ರತಿ ಆಟಗಾರನಿಗೆ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ಫಿಸಿಯೋ, ಟ್ರೈನರ್, ವಿಡಿಯೋ ವಿಶ್ಲೇಷಕ ಮುಂತಾದ ಸಿಬ್ಬಂದಿಗೂ ತನಗೂ ಯಾಕೆ ಈ ಅಂತರ ಎಂದು ದ್ರಾವಿಡ್ ಕೇಳಿದರು. ಮಂಡಳಿ ತಿದ್ದಿತು: ದ್ರಾವಿಡ್ ಸೇರಿದಂತೆ ಎಲ್ಲ ತರಬೇತಿ ಸಿಬ್ಬಂದಿಗೆ ತಲಾ 25 ಲಕ್ಷ. ಅಂದರೆ ಅವರ ಪಾಲಿನಲ್ಲಿ ಅರ್ಧ ಹೋಯಿತು, ಉಳಿದವರಿಗೆ ಐದೈದು ಲಕ್ಷ ಬಂತು. ವಾಣಿಜ್ಯ ವಿಭಾಗದವಳಾಗಿ ಈ ಲೆಕ್ಕ ನನಗೆ ಬಹಳ ಇಷ್ಟ. ಗೌರವ ಕೊಡುವುದು ಎಂದರೆ ಕಡೆಗೆ ಯಾವ ಕಾಲಮ್ಮಿನಲ್ಲಿ ಎಷ್ಟು ಬರೆದಿದ್ದೀರಿ ಎಂಬುದೇ.

ಆಟದ ವಿಭಾಗದಲ್ಲಿ ನಮ್ಮ ಶಿಕ್ಷಕರು ಓದಲೇಬೇಕಾದ ಒಂದು ಹೆಸರಿದೆ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. 'ಮೈದಾನ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ. ಶಾಲಾ ಶಿಕ್ಷಕರಾಗಿದ್ದವರು ಭಾರತ ಫುಟ್‌ಬಾಲ್ ತಂಡದ ತರಬೇತುದಾರರಾದರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾದಲ್ಲಿ ಮತ್ತೆ ಚಿನ್ನ. ಆ ಜಕಾರ್ತಾ ಫೈನಲ್ ದಿನ ಕ್ರೀಡಾಂಗಣದ ತುಂಬ ಭಾರತದ ವಿರುದ್ಧ ಕೂಗುವ ಜನ. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದರು. ರಹೀಂ ಸಾಹೇಬರು ಅವರನ್ನು ಹಿಂದೆ ನಿಲ್ಲಿಸದೆ ಮುಂಪಡೆಯಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ವಿರುದ್ಧ 2-1ರಿಂದ ಗೆದ್ದ ಆ ಪಂದ್ಯದಲ್ಲಿ ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲ್ ಅವರದು. ತರಬೇತುದಾರರ ಶ್ವಾಸಕೋಶಕ್ಕೆ ಆಗಲೇ ಕ್ಯಾನ್ಸರ್ ಹಿಡಿದಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಆಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ.

ರಹೀಂ ಸಾಹೇಬರಲ್ಲಿ ನಾನು ಕಾಣುವುದು ಶಿಕ್ಷಕರ ಕಣ್ಣನ್ನು. ಹಿಂದಿನ ಬೆಂಚಿನಲ್ಲಿ ಕೂತವನನ್ನು ಮುಂದೆ ತಂದರೆ ಅವನಿಂದ ಇನ್ನೇನೋ ಆಗಬಹುದು ಎಂದು ಕಾಣುವ ಕಣ್ಣು ಅದು. ಅಂಕಪಟ್ಟಿ ನೋಡಿ ಜಾಗ ಹಂಚುವವರಿಗೆ ಅದು ಕಾಣುವುದಿಲ್ಲ.

ಉದ್ಯಮಕ್ಕೆ ಬರೋಣ. ಇದು ನಮ್ಮ ವಿಭಾಗದ ಕ್ಷೇತ್ರ. ಸೀನಿಯರ್ ಒಬ್ಬರಿಂದ ಪಡೆದ ವ್ಯವಹಾರ ಅಧ್ಯಯನದ ಹಳೆಯ ಪಠ್ಯಪುಸ್ತಕದಲ್ಲಿ ಉತ್ತಮ ನಾಯಕನ ಗುಣಗಳ ಪಟ್ಟಿ ಇದೆ. ಮೊದಲನೆಯದೇ ಮೈಕಟ್ಟು: ಎತ್ತರ, ತೂಕ, ರೂಪ. ಅದನ್ನು ಓದಿ ನಾವು ನಾಲ್ಕು ಜನ ಕುಳ್ಳಿಯರು ನಕ್ಕಿದ್ದೇ ನಕ್ಕಿದ್ದು.

ಅಜೀಂ ಪ್ರೇಮ್‌ಜಿ 1966ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ತಂದೆ ತೀರಿಹೋದ ಸುದ್ದಿ ಬಂತು. ಓದು ಬಿಟ್ಟು ಬಂದಾಗ ವಯಸ್ಸು 21. ಕುಟುಂಬದ ಕಂಪನಿ ಮಹಾರಾಷ್ಟ್ರದ ಅಮಳ್ನೇರ್‌ನಲ್ಲಿ ವನಸ್ಪತಿಯನ್ನೂ ಬಟ್ಟೆ ಸೋಪನ್ನೂ ತಯಾರಿಸುತ್ತಿತ್ತು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು, ಈ ಹುಡುಗನಿಂದ ಆಗದು, ಷೇರು ಮಾರಿ ಅನುಭವಸ್ಥರಿಗೆ ಬಿಟ್ಟುಕೊಡಲಿ ಎಂಬರ್ಥದಲ್ಲಿ ಎಲ್ಲರೆದುರೇ ಹೇಳಿದರಂತೆ. ಮುಂದೆ ಐಬಿಎಂ ಭಾರತ ಬಿಟ್ಟುಹೋದ ಮೇಲೆ ತೆರವಾದ ಜಾಗದಲ್ಲಿ ವಿಪ್ರೋ ಕಂಪ್ಯೂಟರ್ ಕ್ಷೇತ್ರಕ್ಕೆ ಇಳಿದದ್ದು, ಬೆಂಗಳೂರಿನ ಕಂಪನಿಯಾಗಿ ಬೆಳೆದದ್ದು ನಿಮಗೆ ಗೊತ್ತೇ ಇದೆ. ಎಣ್ಣೆ-ಸೋಪಿನ ಮಾಲೀಕನಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಹುಡುಕಿ ಕರೆತಂದು ಅವರಿಗೆ ಕೆಲಸ ಮಾಡಲು ಬಿಟ್ಟರು. ತನಗಿಂತ ಹೆಚ್ಚು ಬಲ್ಲವರ ನಡುವೆ ಕೂರಲು ಹೆದರದಿರುವುದು ಸುಲಭವಲ್ಲ. ನಮ್ಮ ಪರಿಷತ್ತುಗಳಲ್ಲಿ ಕಾರ್ಯದರ್ಶಿ ತನಗಿಂತ ಚೆನ್ನಾಗಿ ಮಾತಾಡುವವರನ್ನು ನಿರೂಪಣೆಗೆ ಕರೆಯುವುದೇ ಇಲ್ಲ.

ಬಿಟ್ಟುಹೋದ ಪದವಿಯನ್ನು ಅವರು ಮೂರು ದಶಕಗಳ ಮೇಲೆ ಪೂರ್ತಿ ಮಾಡಿದರು. ತಮ್ಮ ಸಂಪತ್ತಿನ ಬಹುಪಾಲನ್ನು ಶಿಕ್ಷಣಕ್ಕಾಗಿ ದತ್ತಿಗೆ ಬರೆದುಕೊಟ್ಟರು. ಅದನ್ನು ದೂರದ ಸುದ್ದಿ ಎಂದುಕೊಳ್ಳಬೇಡಿ. ನನ್ನ ತಮ್ಮ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. 2024ರಿಂದ ವಾರಕ್ಕೆ ಆರು ದಿನ ಅವನ ಬಿಸಿಯೂಟದ ತಟ್ಟೆಗೆ ಮೊಟ್ಟೆ ಬೀಳುವುದಕ್ಕೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ರಾಜ್ಯ ಸರ್ಕಾರದ ನಡುವಿನ ಒಪ್ಪಂದ ಕಾರಣ.

ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದವರು. ಆ ಕೆಲಸ ಗಂಡಸರದು ಎಂದು ಇಲ್ಲಿ ಯಾರೂ ಉದ್ಯೋಗ ಕೊಡಲಿಲ್ಲ. (ಆ ಉದ್ಯೋಗ ನಮಗೆ ಬೇಡದ್ದು, ಕಾರಣ ಮಾತ್ರ ಗಮನಿಸಿ.) ಕಲಿತದ್ದು ಕಿಣ್ವಗಳ ವಿದ್ಯೆ ತಾನೇ ಎಂದು 1978ರಲ್ಲಿ, 25ನೇ ವಯಸ್ಸಿನಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದರು. ಪರಂಗಿ ಹಣ್ಣಿನ ಕಿಣ್ವವನ್ನು ತೆಗೆದು ಹೊರದೇಶಕ್ಕೆ ಕಳಿಸುವ ಕೆಲಸ. ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದವು. ಹೆಂಗಸಿನ ಕೈಕೆಳಗೆ ಕೆಲಸ ಮಾಡಲು ಗಂಡಸರು ಮುಂದೆ ಬರಲಿಲ್ಲ. ಇವತ್ತು ಆ ಕಂಪನಿಯ ಇನ್ಸುಲಿನ್ ಚುಚ್ಚಿಕೊಳ್ಳುವವರು ನಮ್ಮ ನಿಮ್ಮ ಮನೆಗಳಲ್ಲೇ ಇರಬಹುದು. ಅವರನ್ನು ಯಾರೂ ಉಪಪ್ರತಿನಿಧಿಯಾಗಿ ನೇಮಿಸಲು ಬರಲಿಲ್ಲವಾದ್ದರಿಂದ ಬಚಾವಾದರು ಎನ್ನಬೇಕು.

ಸೈನ್ಯ ಮತ್ತು ಉದ್ಯಮ ಎರಡನ್ನೂ ಕಂಡವರು ನಮ್ಮದೇ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧದಲ್ಲಿ ಭಾಗವಹಿಸಿ, ಸೇನೆ ಬಿಟ್ಟು ಬಂದು ರೇಷ್ಮೆ ಬೆಳೆದು, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಬಸ್ಸಿನಲ್ಲಿ ಓಡಾಡುವವರೂ ವಿಮಾನ ಹತ್ತಬೇಕು ಎಂಬುದು ಅವರ ಹಟ. ಕಂಪನಿ ನಷ್ಟಕ್ಕೆ ಬಿದ್ದು ಬೇರೆಯವರ ಕೈಗೆ ಹೋಯಿತು. ಆದರೂ ಕಡಿಮೆ ದರದ ವಿಮಾನ ಎಂಬ ಕಲ್ಪನೆ ಉಳಿಯಿತು. ಇಂತಹ ಅರ್ಧ ಗೆದ್ದ ಅರ್ಧ ಸೋತ ಬದುಕನ್ನು ತರಬೇತಿಗಳಲ್ಲಿ ಹೇಳುವುದಿಲ್ಲ, ಯಾಕೆಂದರೆ ಅದನ್ನು ಒಂದು ಸ್ಲೈಡಿನಲ್ಲಿ ತುರುಕಲು ಆಗುವುದಿಲ್ಲ.

ಈಗ ನಮ್ಮ ಕಾಲೇಜಿಗೆ ಬರುತ್ತೇನೆ.

ನಮ್ಮ ತರಗತಿಯಲ್ಲಿ ಒಬ್ಬಳಿದ್ದಾಳೆ. ಹೆಸರು ಬರೆಯುವುದಿಲ್ಲ, ಅವಳಿಗದು ಹಿಡಿಸುವುದಿಲ್ಲ. ಊರಿನಿಂದ ಅವಳಿಗಿರುವುದು ಬೆಳಗಿನ ಮೊದಲ ಬಸ್ಸು ಮಾತ್ರ, ಹಾಗಾಗಿ ಏಳೂ ಮುಕ್ಕಾಲಿಗೇ ಕಾಲೇಜಿಗೆ ತಲುಪುತ್ತಾಳೆ. ಉರ್ದು ಮಾಧ್ಯಮದಿಂದ ಬಂದ ಮೂವರು, ಕನ್ನಡ ಮಾಧ್ಯಮದಿಂದ ಬಂದ ಇಬ್ಬರು ಅವಳ ಸುತ್ತ ಮೆಟ್ಟಿಲ ಮೇಲೆ ಕೂರುತ್ತಾರೆ. ಹತ್ತು ವರ್ಷ ಬೇರೆ ಭಾಷೆಯಲ್ಲಿ ಓದಿ ಒಮ್ಮೆಲೇ ಇಂಗ್ಲಿಷಿನ ಅಕೌಂಟೆನ್ಸಿಗೆ ಬೀಳುವುದು ಎಂದರೇನು ಎಂಬುದು ಹಾಗೆ ಬಿದ್ದವರಿಗೇ ಗೊತ್ತು. ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅವಳು ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಷನ್ ಎಲ್ಲವನ್ನೂ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಮತ್ತು ಹಳೇ ಬೈಕಿನ ಬೆಲೆ ಇಟ್ಟುಕೊಂಡು, ಅರ್ಧ ಉರ್ದು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಆ ಐವರಲ್ಲಿ ಇಬ್ಬರು ಮೊದಲ ವರ್ಷದ ಮಧ್ಯವಾರ್ಷಿಕ ಪರೀಕ್ಷೆಯ ನಂತರ ಟಿ.ಸಿ. ತೆಗೆದುಕೊಂಡು ಹೋಗುವ ಮಾತಾಡುತ್ತಿದ್ದರು. ಒಬ್ಬಳ ಮನೆಯಲ್ಲಂತೂ, ಓದು ತಲೆಗೆ ಹತ್ತದಿದ್ದರೆ ಮದುವೆ ಮಾಡಿಬಿಡೋಣ ಎಂಬ ಯೋಚನೆ ಶುರುವಾಗಿತ್ತು. ಇಬ್ಬರೂ ಈಗ ನಮ್ಮ ಜೊತೆ ದ್ವಿತೀಯ ಪಿಯುಸಿಯಲ್ಲಿದ್ದಾರೆ.

ನಮ್ಮ ನಿಯಮದ ಪ್ರಕಾರ ಆ ಹುಡುಗಿ ಪ್ರತಿನಿಧಿಯಾಗಲು ಸಾಧ್ಯವಿಲ್ಲ. ಅವಳ ಎಸ್ಸೆಸ್ಸೆಲ್ಸಿ ಅಂಕ ಶೇಕಡಾ 61.

ಅಂಕದ ನಿಯಮದ ಪರವಾಗಿ ಹೇಳಬಹುದಾದದ್ದು ನನಗೆ ಗೊತ್ತಿದೆ. ನಮ್ಮ ಉಪನ್ಯಾಸಕರೊಬ್ಬರು ಅದನ್ನು ತಾಳ್ಮೆಯಿಂದ ವಿವರಿಸಿದರು. ಅಂಕ ಎಂಬುದು ಎಲ್ಲರಿಗೂ ಕಾಣುವ ಅಳತೆ, ಅದರಲ್ಲಿ ಪಕ್ಷಪಾತದ ಆರೋಪ ಬರುವುದಿಲ್ಲ. ಚುನಾವಣೆ ಇಟ್ಟರೆ ಊರು, ಬೀದಿ, ಮನೆಮಾತು ಎಂದು ಗುಂಪುಗಳಾಗುತ್ತವೆ; ಹಣವಿದ್ದವನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿ ಗೆಲ್ಲುತ್ತಾನೆ. ಈ ಭಯ ಸುಳ್ಳಲ್ಲ. ಪಂಚಾಯತಿ ಚುನಾವಣೆ ನೋಡಿದ ಯಾರೂ ಇದನ್ನು ಸುಳ್ಳು ಎನ್ನಲಾರರು. ಹಾಗಾಗಿ ನಾನು ಚುನಾವಣೆಯನ್ನು ಕೇಳುತ್ತಿಲ್ಲ. ಆದರೆ ಅಂಕ ಅಳೆಯುವುದು ಮಾರ್ಚ್ ತಿಂಗಳ ಆರು ಪರೀಕ್ಷೆಗಳನ್ನು. ಬೇರೆಯವರಿಗಾಗಿ ಏಳೂ ಮುಕ್ಕಾಲಿಗೆ ಮೆಟ್ಟಿಲ ಮೇಲೆ ಕೂರುವುದನ್ನು ಅದು ಅಳೆಯುವುದಿಲ್ಲ.

ನಾನು ಕೇಳುತ್ತಿರುವುದು ಟ್ರಯಲ್. ಈ ಶಬ್ದ ನನಗೆ ಸಿಕ್ಕಿದ್ದು ನಿಖತ್ ಜರೀನ್ ಅವರಿಂದ. ತೆಲಂಗಾಣದ ನಿಜಾಮಾಬಾದಿನ ಈ ಬಾಕ್ಸರ್ 2019ರಲ್ಲಿ, ಒಲಿಂಪಿಕ್ಸ್ ಅರ್ಹತಾ ಸುತ್ತಿಗೆ ತಂಡ ಆರಿಸುವಾಗ, ಮೇರಿ ಕೋಮ್ ಅವರನ್ನು ಹಾಗೇ ಕಳಿಸದೆ ಎಲ್ಲರಿಗೂ ಟ್ರಯಲ್ ನಡೆಸಿ ಎಂದು ಕ್ರೀಡಾ ಸಚಿವರಿಗೆ ಪತ್ರ ಬರೆದರು. ಆಗ ವಯಸ್ಸು 23. ಎದುರಿಗಿದ್ದವರು ಆರು ಬಾರಿ ವಿಶ್ವ ಚಾಂಪಿಯನ್. ಬಹಳ ಜನ ನಿಖತ್‌ಗೆ ಅಹಂಕಾರಿ ಎಂದರು. ಡಿಸೆಂಬರ್‌ನಲ್ಲಿ ಟ್ರಯಲ್ ನಡೆಯಿತು. ನಿಖತ್ 9-1ರಿಂದ ಸೋತರು.

ನನಗೆ ಬಹಳ ಹಿಡಿಸಿದ್ದು ಇದೇ ಜಾಗ. ಟ್ರಯಲ್ ಕೇಳಿದವರು ಟ್ರಯಲ್‌ನಲ್ಲಿ ಸೋತರು, ಆದರೂ ಕೇಳಿದ್ದು ತಪ್ಪಾಗಲಿಲ್ಲ. ಮೇರಿ ಕೋಮ್ ಕೂಡ ಕಳಿಸಲ್ಪಟ್ಟವರಾಗದೆ ಗೆದ್ದು ಹೋದವರಾದರು. ನಿಖತ್ 2022ರಲ್ಲಿ ಇಸ್ತಾಂಬುಲ್‌ನಲ್ಲಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಪದಕವಿಲ್ಲದೆ ಮರಳಿದರು. ಅದೂ ಕಥೆಯ ಭಾಗವೇ.

ನಮ್ಮ ಟ್ರಯಲ್ ಹೀಗಿರಬಹುದು. ಪ್ರತಿನಿಧಿಯಾಗಲು ಇಷ್ಟವಿರುವ ಯಾರೇ ಆಗಲಿ, ಹುಡುಗನಾಗಲಿ ಹುಡುಗಿಯಾಗಲಿ, ಹೆಸರು ಕೊಡಲಿ. ಒಂದು ತಿಂಗಳು ಒಂದೊಂದು ಕೆಲಸ ವಹಿಸಿ. ಗ್ರಂಥಾಲಯದ ಪುಸ್ತಕ ವಾಪಸು ತರಿಸುವುದು, ಗೈರುಹಾಜರಾದವರಿಗೆ ನೋಟ್ಸ್ ತಲುಪಿಸುವುದು, ಕುಡಿಯುವ ನೀರಿನ ಫಿಲ್ಟರ್ ಕೆಟ್ಟಾಗ ಕಚೇರಿಗೆ ಅರ್ಜಿ ಬರೆದು ಬೆನ್ನು ಹತ್ತುವುದು, ಮೊದಲ ವರ್ಷಕ್ಕೆ ಬಂದ ಕನ್ನಡ ಮತ್ತು ಉರ್ದು ಮಾಧ್ಯಮದವರಿಗೆ ಬೆಳಗಿನ ಅರ್ಧ ಗಂಟೆ ಕಲಿಸುವುದು. ತಿಂಗಳ ಕೊನೆಗೆ ತರಗತಿಯವರು ಚೀಟಿಯಲ್ಲಿ ಅಭಿಪ್ರಾಯ ಬರೆಯಲಿ, ಇಬ್ಬರು ಉಪನ್ಯಾಸಕರು ಕೂತು ನೋಡಲಿ. ಆಯ್ಕೆಯಾದ ಇಬ್ಬರನ್ನೂ ಪ್ರತಿನಿಧಿ ಎಂದೇ ಕರೆಯಲಿ. ಉಪ ಎಂಬುದನ್ನು ಉಪ್ಪಿಟ್ಟಿಗೆ ಬಿಟ್ಟುಕೊಡೋಣ.

ಇದರಲ್ಲಿ ಶೇಕಡಾ 98 ಪಡೆದವರೇ ಗೆಲ್ಲಬಹುದು. ಗೆದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಅಂಕವಂತರು ಕೆಲಸಗಾರರಲ್ಲ ಎಂದು ನಾನು ಎಲ್ಲೂ ಹೇಳಿಲ್ಲ. ನಮ್ಮ ಈಗಿನ ಪ್ರತಿನಿಧಿ ಸೀಮೆಸುಣ್ಣ ಹಿಡಿಯುವುದನ್ನು ಬಿಟ್ಟು ಆರು ತಿಂಗಳಾಯಿತು, ಒಳ್ಳೆಯವನು. ಈ ಲೇಖನದ ಕರಡನ್ನು ಅವನಿಗೂ ತೋರಿಸಿದ್ದೇನೆ. ದ್ರಾವಿಡ್ ಮಾಡಿದ ಡಿಕ್ಲೇರೇಷನ್ ಸರಿಯೇ ಎಂದು ವಾದಿಸಿದ, ಉಳಿದದ್ದಕ್ಕೆ ಸಹಿ ಹಾಕಿದ.

ಸಹಿ ಎಂದರೆ ನಿಜವಾದ ಸಹಿ. ಇಷ್ಟನ್ನೂ ಒಂದು ಪುಟದ ಮನವಿಯಾಗಿ ಬರೆದು, ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ 31 ಮಂದಿ ಸಹಿ ಮಾಡಿ ಪ್ರಾಂಶುಪಾಲರಿಗೆ ಕೊಟ್ಟಿದ್ದೇವೆ. ಸಿಬ್ಬಂದಿ ಸಭೆಯಲ್ಲಿ ಇಡುತ್ತೇನೆ ಎಂದಿದ್ದಾರೆ. ವಿಜ್ಞಾನ ಮತ್ತು ಕಲಾ ವಿಭಾಗದವರು ಸೇರಬೇಕೆಂದಿದ್ದರೆ ಪ್ರತಿಯೊಂದು ಗ್ರಂಥಾಲಯದ ಮೇಡಂ ಬಳಿ ಇದೆ. ಸಭೆ ನಡೆಯುವ ತನಕ ಅಲ್ಲೇ ಇರುತ್ತದೆ. ಒಪ್ಪದವರು ಯಾಕೆ ಒಪ್ಪುವುದಿಲ್ಲ ಎಂಬುದನ್ನು ಅದರ ಹಿಂಬದಿಯಲ್ಲಿ ಬರೆಯಬಹುದು. ಜಾಗ ಬಿಟ್ಟಿದ್ದೇವೆ.